ಜೋಳದ ಋಣ, ಸಂಬಳದ ಬಾಕಿ

ಪಾಂಡವರ ಪಕ್ಷಕ್ಕೆ ಬಾ ಎಂದು ಕೃಷ್ಣ ಕರೆದಾಗ ಕರ್ಣ ಒಪ್ಪಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ: ಅವನು ದುರ್ಯೋಧನನ ಅನ್ನ ಉಂಡವನು. ಪಂಪ ಈ ಕಥೆಯನ್ನು ಕನ್ನಡದಲ್ಲಿ ಬರೆದ ಹತ್ತನೆಯ ಶತಮಾನದಲ್ಲಿ ಇಂಥ ಕಟ್ಟುಪಾಡಿಗೆ ಒಂದು ಹೆಸರೇ ಇತ್ತು, 'ಜೋಳವಾಳಿ'. ಒಡೆಯನ ಜೋಳ ತಿಂದವನು ಹೊತ್ತು ಬಂದಾಗ ಪ್ರಾಣ ಕೊಟ್ಟಾದರೂ ಆ ಋಣ ತೀರಿಸಬೇಕು.

ಹಾಗಾದರೆ ಅಂದಿನ ಯೋಧ ಸಂಬಳಕ್ಕೆ ದುಡಿದನೇ, ಪುಕ್ಕಟೆ ದುಡಿದನೇ? ಎರಡೂ ಅಲ್ಲ ಎನ್ನುತ್ತವೆ ನಮ್ಮ ವೀರಗಲ್ಲುಗಳು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನು ಯಾರ ಸಂಬಳದ ಪಟ್ಟಿಯಲ್ಲೂ ಇರಲಿಲ್ಲ. ಅವನು ಬಿದ್ದ ಮೇಲೆ ಮನೆಯವರಿಗೆ ಒಂದಿಷ್ಟು ಗದ್ದೆಯೋ ಹೊಲವೋ ಸಿಗುತ್ತಿತ್ತು. ಅದಕ್ಕೆ 'ನೆತ್ತರುಗೊಡಗೆ' ಎಂದು ಹೆಸರು. ನೆತ್ತರು ಹರಿದ ಮೇಲೆ ಸಿಗುವ ಕೊಡುಗೆ, ಅಷ್ಟೆ. ಇದನ್ನು ಕೂಲಿ ಎನ್ನುವುದಕ್ಕಿಂತ ಪರಿಹಾರ ಎನ್ನುವುದೇ ಸರಿ.

ಬದುಕಿ ಉಳಿದವರಿಗೂ ಭೂಮಿ ಸಿಗುತ್ತಿತ್ತು. ಇದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಷ್ಟು ಸೊಗಸಾದ ಸಾಕ್ಷಿ ಇನ್ನೊಂದಿಲ್ಲ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧವಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನೇ ಕೊಟ್ಟ. ಬೂತುಗನ ಮುಂದೆ ನಿಂತು ಕಾದಿದ ಮಣಲೆರ ಎಂಬ ವೀರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯನ್ನೂ ಬಿಟ್ಟರು. ಮಣಲೆರನಿಗೆ ಆತಕೂರು 12 'ಬಾಳ್ಗಳ್ಚು' ಆಗಿ ಸಿಕ್ಕಿತು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಯುದ್ಧ ಮುಗಿದು ಕತ್ತಿ ತೊಳೆದಾಗ ಕೊಡುವ ದತ್ತಿ. ಈ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಈ ಏರ್ಪಾಟಿನಲ್ಲಿ ಒಂದು ಸೂಕ್ಷ್ಮವಿದೆ. ಜೋಳ ಉಂಡವನು ಎಂದೂ ಸಾಲಗಾರನೇ. ಒಡೆಯ ಮೊದಲೇ ಕೊಟ್ಟುಬಿಟ್ಟಿದ್ದಾನೆ, ತೀರಿಸುವ ಸರದಿ ಯೋಧನದು. ಹಳೇಬೀಡಿನಲ್ಲಿರುವ ಕುವರ ಲಕ್ಷ್ಮನ ಸ್ತಂಭ ನೋಡಿದವರಿಗೆ ಈ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೆಂದು ತಿಳಿಯುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಲಕ್ಷ್ಮ, ಅವನ ಮಡದಿ, ಜೊತೆಗಿದ್ದ ವೀರರು ಪ್ರಾಣ ಬಿಟ್ಟರು. ತಮ್ಮನ್ನೇ ಕತ್ತರಿಸಿಕೊಳ್ಳುವವರ ಚಿತ್ರಗಳು ಆ ಕಂಬದ ಮೇಲಿವೆ. ತಿಂಗಳ ಸಂಬಳಕ್ಕೆ ಯಾರೂ ಹೀಗೆ ಸಾಯುವುದಿಲ್ಲ. ಹೀಗೆ ಸಾಯಬೇಕಾದ ಸ್ಥಿತಿಯನ್ನು ಹೊಗಳಲೂ ಮನಸ್ಸು ಬರುವುದಿಲ್ಲ.

ನಗದು ಸಂಬಳ ಬಂದಾಗ ಸಾಲಗಾರ ಬದಲಾದ. ಈಗ ಬಾಕಿದಾರ ದೊರೆ. 'ಸಂಬಳ' ಎಂಬ ಪದವೇ ಸ್ವಾರಸ್ಯದ್ದು. ಅದರ ಹಳೆಯ ಅರ್ಥ ದಾರಿಯ ಬುತ್ತಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿ ಸಿಪಾಯಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳವಾಗುತ್ತದೆ ಎಂದು ಬರೆದಿಟ್ಟ. ಸುಮಾರು ಒಂದು ಶತಮಾನದ ಅನಂತರ ಬಂದ ಪೋರ್ಚುಗೀಸ್ ನೂನಿಜ್ ಹೇಳುವುದು ಬೇರೆ: ನಾಯಕರು ಭೂಮಿ ಪಡೆದು, ಅದರ ಹುಟ್ಟುವಳಿಯಿಂದ ದಂಡು ಸಾಕಿ, ಉಳಿದ ಪಾಲನ್ನು ರಾಯನಿಗೆ ಕಟ್ಟುತ್ತಿದ್ದರು. ಇಲ್ಲಿ ಸೈನಿಕನಿಗೆ ಅನ್ನ ಹಾಕುವವನು ರಾಯನಲ್ಲ, ನಾಯಕ. ಸಾಮ್ರಾಜ್ಯ ಸಡಿಲಿದಾಗ ಕೆಳದಿ, ಮಧುರೆ, ತಂಜಾವೂರಿನ ನಾಯಕರು ತಮ್ಮ ತಮ್ಮ ದಂಡಿನೊಡನೆ ಸ್ವತಂತ್ರರಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಂಬಳ ಬಾಕಿ ಉಳಿದರೆ ಏನಾಗುತ್ತದೆ ಎಂಬುದನ್ನು ಶ್ರೀರಂಗಪಟ್ಟಣ 1758ರಲ್ಲಿ ಕಂಡಿತು. ತಿರುಚಿನಾಪಳ್ಳಿಯ ಮೇಲಿನ ವ್ಯರ್ಥ ದಂಡಯಾತ್ರೆ, ನಿಜಾಮರಿಗೂ ಮರಾಠರಿಗೂ ತೆತ್ತ ಹಣ ಮೈಸೂರಿನ ಬೊಕ್ಕಸವನ್ನು ಬರಿದು ಮಾಡಿದ್ದವು. ಸೈನಿಕರು ಬಂಡೇಳಲಿಲ್ಲ, ಊರು ಸುಡಲಿಲ್ಲ. ದಳವಾಯಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತರು! ಅವರ ಲೆಕ್ಕ ಪರಿಶೀಲಿಸಿ ಬಾಕಿ ತೀರಿಸಿದವನು ಹೈದರಾಲಿ. ನಂಜರಾಜಯ್ಯ ಅಧಿಕಾರ ಬಿಟ್ಟು ಹೋದ. 1761ರ ಹೊತ್ತಿಗೆ ಅರಸರು ಅರಮನೆಯಲ್ಲಿದ್ದರು, ರಾಜ್ಯ ಹೈದರನ ಕೈಯಲ್ಲಿತ್ತು. ಸೈನ್ಯ ಯಾರಿಂದ ಸಂಬಳ ಪಡೆಯಿತೋ ಅವನೇ ಒಡೆಯನಾದ.

ಟಿಪ್ಪು ಮಡಿದ ಮೇಲೆ, 1799ರ ಒಪ್ಪಂದದಂತೆ ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯ ಬಂತು. ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು. ಹಣ ನಿಲ್ಲುವ ಭಯ ಕಂಡರೆ ಕಂಪನಿ ಆಡಳಿತಕ್ಕೆ ಕೈ ಹಾಕಬಹುದೆಂಬ ಷರತ್ತೂ ಅದರಲ್ಲಿತ್ತು. ನಗರದ ರೈತರ ದಂಗೆಯ ಬಳಿಕ, 1831ರಲ್ಲಿ, ಆ ಷರತ್ತನ್ನೇ ಮುಂದೊಡ್ಡಿ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಐವತ್ತು ವರ್ಷಗಳ ಮೇಲೆ, 1881ರಲ್ಲಿ, ರಾಜ್ಯವೇನೋ ಒಡೆಯರಿಗೆ ಮರಳಿತು. ಆದರೆ ಆ ಹಣ ತಪ್ಪಲಿಲ್ಲ. ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಜೊತೆಗೆ ಬಂತು.