ಬಂಡಿ ಅಚ್ಚಿನಿಂದ ಕಿಂಗ್‌ಪಿನ್‌ವರೆಗೆ

ನಮ್ಮ ಬೀದರ್ ಕಡೆ ಬಂಡಿ ಕಟ್ಟುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರು. ಎಣ್ಣೆ ಒಣಗಿದರೆ ಗಾಲಿ ಕಿರುಗುಟ್ಟುತ್ತಿತ್ತು, ಎತ್ತು ದಣಿಯುತ್ತಿತ್ತು. ಉಜ್ಜುವ ಕಡೆ ಉರುಳುವ ಗುಂಡು ಇಟ್ಟರೆ ಎಳೆತ ಹಗುರ. ಬೇರಿಂಗಿನ ಗುಟ್ಟು ಇಷ್ಟೇ.

1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಗಾಡಿ ಅಚ್ಚಿಗೆ ಗುಂಡಿನ ಬೇರಿಂಗ್ ಕೂರಿಸಿ ಪೇಟೆಂಟ್ ಪಡೆದ. 1898ರಲ್ಲಿ ಅಮೆರಿಕದಲ್ಲಿ ಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್, ಓರೆ ರೋಲರ್ ಬೇರಿಂಗಿಗೆ ಪೇಟೆಂಟ್ ಪಡೆದ. ಅದು ಮೇಲಿನ ಭಾರವನ್ನೂ ತಿರುವಿನಲ್ಲಿ ಬೀಳುವ ಪಕ್ಕದ ಒತ್ತಡವನ್ನೂ ತಾಳುತ್ತದೆ.

1932ರ ಜೂನ್‌ನಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತು. ಆಗ ಬೀದರ್, ಭಾಲ್ಕಿ, ಔರಾದ್ ಹೈದರಾಬಾದ್ ಸಂಸ್ಥಾನದಲ್ಲಿದ್ದವು.

ಲಾರಿ, ಬಸ್ಸಿನ ಮುಂದಿನ ಗಾಲಿ ಸಾಮಾನ್ಯವಾಗಿ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟದ ಸುತ್ತ ಹೊರಳುತ್ತದೆ. ಅಲ್ಲಿನ ಥ್ರಸ್ಟ್ ಬೇರಿಂಗ್ ಮುಂಭಾಗದ ಭಾರ ಹೊರುತ್ತದೆ. 1983ರಲ್ಲಿ ಬಂದ ಮಾರುತಿ 800ಕ್ಕೆ ಕಿಂಗ್‌ಪಿನ್ ಇಲ್ಲ. ಶಾಕ್ ಅಬ್ಸಾರ್ಬರ್ ತಲೆಯಲ್ಲಿ ಬೇರಿಂಗ್, ಕೆಳಗೆ ಬಾಲ್ ಜಾಯಿಂಟ್. ಸ್ಟೇರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಸಮೇತ ಹೊರಳುತ್ತದೆ.

ಮಳೆಗಾಲದ ಕೆಸರುನೀರು ಒಳಹೊಕ್ಕರೆ ಗ್ರೀಸ್ ಕೆಟ್ಟು ಬೇರಿಂಗ್ ತುಕ್ಕು ಹಿಡಿಯುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ, ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಕಿಂಗ್‌ಪಿನ್ ಇರುವ ಗಾಡಿಯನ್ನು ಮಿಸ್ತ್ರಿ ಜಾಕ್ ಮೇಲೆತ್ತಿ, ಮುಂದಿನ ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸುತ್ತಾರೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಗಾಲಿಯ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಕಿಂಗ್‌ಪಿನ್ ಸವೆದಿದೆ ಎಂದರ್ಥ.

ಅಂದು ಎಣ್ಣೆ ಮರೆತರೆ ದಣಿಯುತ್ತಿದ್ದದ್ದು ಎತ್ತು. ಇಂದು ಗ್ರೀಸ್ ಮರೆತರೆ ಅಪಾಯ ಗಾಡಿಯಲ್ಲಿ ಕೂತ ನಮಗೆಲ್ಲ. ಬಿತ್ತನೆ, ಕಬ್ಬಿನ ಹಂಗಾಮಿಗೆ ಮುಂಚೆ ಒಮ್ಮೆ ಮಿಸ್ತ್ರಿಗೆ ತೋರಿಸೋಣ.