ಒಂದೇ ತಂತಿಯಲ್ಲಿ ಮಾತೂ ಮಾಹಿತಿಯೂ

ಬೀಸ್ಟನ್ ಕಾರ್ಖಾನೆ
ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ ನ್ಯಾಷನಲ್ ಟೆಲಿಫೋನ್ ಕಂಪನಿ 1901ರಲ್ಲಿ ಕಾರ್ಖಾನೆ ತೆರೆಯಿತು. 1903ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕೈಜೋಡಿಸಿತು. 1961ರಲ್ಲಿ ಕಾರ್ಖಾನೆ ಪ್ಲೆಸಿ ಕಂಪನಿಯ ಪಾಲಾಯಿತು.

ತಾಮ್ರದ ಜೋಡಿ ತಂತಿ
ಮಾತಿಗೆ 4 ಕಿಲೋಹರ್ಟ್ಸ್‌ನೊಳಗಿನ ಆವರ್ತನಗಳೇ ಸಾಕು. ಅದಕ್ಕಿಂತ ಮೇಲಿನವು ಖಾಲಿ ಉಳಿದಿದ್ದವು. ಬ್ರಿಟನ್ನಿನಲ್ಲಿ 2000ದಲ್ಲಿ ಮನೆಗಳಿಗೆ ಬರತೊಡಗಿದ ಎಡಿಎಸ್‌ಎಲ್, ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗಿನ ಆ ಜಾಗದಲ್ಲಿ ಇಂಟರ್‌ನೆಟ್ ಹರಿಸಿತು. ಮುಂದಿರುವ ಪುಟ್ಟ ಬಿಳಿ ಡಬ್ಬಿಯೇ ಮಾತನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುವ ಮೈಕ್ರೋಫಿಲ್ಟರ್. ಒಂದು ಕಿಂಡಿ ಫೋನಿಗೆ, ಇನ್ನೊಂದು ಮೋಡೆಮ್‌ಗೆ. ಇದಿಲ್ಲದೆ ಫೋನ್ ಎತ್ತಿದರೆ ಮಾತಿನ ಜೊತೆ ಗೊರಗೊರ ಸದ್ದು ಕೇಳುತ್ತಿತ್ತು.

ಮಾತೇ ಡೇಟಾ ಆದಾಗ
ಬ್ರಿಟನ್ನಿನ ದೂರಸಂಪರ್ಕ ಕಂಪನಿ ಬಿಟಿ ತನ್ನ ‘ಡಿಜಿಟಲ್ ವಾಯ್ಸ್’ ಸೇವೆಯ ಪ್ರದೇಶವಾರು ವಿಸ್ತರಣೆಯನ್ನು 2023ರ ಬೇಸಿಗೆಯಲ್ಲಿ ಆರಂಭಿಸಿದ್ದು ಬೀಸ್ಟನ್ ಇರುವ ಇದೇ ಈಸ್ಟ್ ಮಿಡ್‌ಲ್ಯಾಂಡ್ಸ್‌ ಪ್ರದೇಶದಿಂದ. ಇದರಲ್ಲಿ ಫೋನನ್ನು ರೌಟರ್‌ಗೆ ಸಿಕ್ಕಿಸಬೇಕು. ಮಾತು ಡೇಟಾ ತುಣುಕುಗಳಾಗಿ ಬ್ರಾಡ್‌ಬ್ಯಾಂಡ್‌ನಲ್ಲೇ ಸಾಗುತ್ತದೆ.

ಹಳೆಯ ತಂತಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಸುಮಾರು 50 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಕೆಲಸ ಮಾಡುತ್ತಿತ್ತು. ರೌಟರ್‌ಗೆ ಮನೆಯ ಕರೆಂಟೇ ಬೇಕು. ಆದ್ದರಿಂದ ಒಂಟಿಯಾಗಿರುವ ಹಿರಿಯರ ಫೋನಿಗೂ ಅವರ ತುರ್ತು ಕರೆಯ ಗುಂಡಿಗೂ ಬ್ಯಾಟರಿ ಬೆಂಬಲ ಅತ್ಯಗತ್ಯ.