ಆರಂಭದ ತೆರೆಯೂ ಅದರ ಹಿಂದಣ ವಿಳಂಬವೂ: ಲಿನಕ್ಸ್ ಗಣಕದ ಚರಿತ್ರೆಯಲ್ಲಿ ಒಂದು ಕಾರಣವಿಚಾರ

1. ಪೀಠಿಕೆ

ನಮ್ಮ ವಿಭಾಗದಲ್ಲಿ ಶಾಸನಗಳ ಛಾಯಾಚಿತ್ರಗಳನ್ನೂ ಹಳೆಯ ದಾಖಲೆಗಳ ಪ್ರತಿಗಳನ್ನೂ ಇರಿಸಿರುವ ಗಣಕಯಂತ್ರವೊಂದಿದೆ. ಅದು ಲಿನಕ್ಸ್ ಕಾರ್ಯವ್ಯವಸ್ಥೆಯಿಂದ ನಡೆಯುವ ಮೇಜುಗಣಕ. ಗುಂಡಿಯನ್ನು ಒತ್ತಿದೊಡನೆ ತೆರೆಯ ನಡುವೆ ಒಂದು ಲಾಂಛನವೂ ಅದರ ಕೆಳಗೆ ಸುತ್ತುವ ಚಕ್ರವೂ ಕಾಣಿಸಿಕೊಂಡು, ಸುಮಾರು ಒಂದು ನಿಮಿಷದವರೆಗೆ ಬೇರೇನೂ ನಡೆಯುತ್ತಿರಲಿಲ್ಲ. ಯಂತ್ರಕ್ಕೆ ಮುಪ್ಪು ಬಂದಿತು, ಇನ್ನು ಅದನ್ನು ತೆಗೆದುಹಾಕುವುದೇ ಲೇಸು ಎಂಬ ಅಭಿಪ್ರಾಯವು ವಿಭಾಗದಲ್ಲಿ ಬಲವಾಗಿದ್ದಿತು. ಈ ಅಭಿಪ್ರಾಯಕ್ಕೆ ಆಧಾರವೇನೆಂದು ಕೇಳಿದಾಗ, ತಡವಾಗುತ್ತದೆ ಎಂಬುದರ ಹೊರತು ಬೇರೆ ಉತ್ತರ ದೊರೆಯಲಿಲ್ಲ. ತಡವಾಗುವುದು ಒಂದು ಘಟನೆ. ಮುಪ್ಪು ಎಂಬುದು ಅದಕ್ಕೆ ನಾವು ಊಹಿಸಿದ ಕಾರಣ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದಲ್ಲ.

ಆ ಲಾಂಛನದ ತೆರೆಗೆ ಗಣಕಶಾಸ್ತ್ರದಲ್ಲಿ ‘ಸ್ಪ್ಲಾಷ್ ಸ್ಕ್ರೀನ್’ ಎಂದು ಹೆಸರು. ಕನ್ನಡದಲ್ಲಿ ತೆರೆ ಎಂಬ ಮಾತಿಗೆ ದೃಶ್ಯವನ್ನು ಕಾಣಿಸುವ ಫಲಕವೆಂಬ ಅರ್ಥವೂ ಉಂಟು, ಕಾಣದಂತೆ ಮರೆಮಾಡುವ ಪರದೆಯೆಂಬ ಅರ್ಥವೂ ಉಂಟು. ಪ್ರಕೃತ ವಿಷಯಕ್ಕೆ ಎರಡೂ ಸಲ್ಲುತ್ತವೆ. ಈ ತೆರೆಯು ಎಂದು ಬಂದಿತು, ಏಕೆ ಬಂದಿತು, ಅದರ ಹಿಂದಿನ ವಿಳಂಬದ ಕಾರಣಗಳನ್ನು ಯಾರು ಹೇಗೆ ಶೋಧಿಸಿದರು, ಆ ಶೋಧನೆಯಿಂದ ನಮ್ಮ ಶಾಸ್ತ್ರಕ್ಕೆ ಏನಾದರೂ ಪಾಠವುಂಟೆ ಎಂಬುದನ್ನು ಸಂಗ್ರಹವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

2. ತೆರೆಯಿಲ್ಲದ ಕಾಲ

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ‘ಕರ್ನೆಲ್’ ಭಾಗವನ್ನು ಪ್ರಕಟಿಸಿದುದು 1991ರಲ್ಲಿ. ಆ ಕಾಲದ ಲಿನಕ್ಸ್ ಗಣಕವು ತಾನು ಎಚ್ಚರಗೊಳ್ಳುವಾಗ ಮಾಡುವ ಪ್ರತಿಯೊಂದು ಕೆಲಸವನ್ನೂ ಸಾಲುಸಾಲಾಗಿ ಬರೆದು ತೋರಿಸುತ್ತಿದ್ದಿತು. ಸ್ಮೃತಿಯ ಪರಿಮಾಣವೆಷ್ಟು, ಯಾವ ಡಿಸ್ಕು ದೊರೆಯಿತು, ಯಾವ ಸೇವೆ ಆರಂಭವಾಯಿತು, ಯಾವುದು ವಿಫಲವಾಯಿತು ಎಂಬ ಸಂಗತಿಗಳೆಲ್ಲವೂ ಕಪ್ಪು ಹಿನ್ನೆಲೆಯ ಮೇಲೆ ಹಾದುಹೋಗುತ್ತಿದ್ದುವು. ಯಾವ ಸಾಲಿನಲ್ಲಿ ಬರಹ ನಿಂತಿತೋ ಅಲ್ಲಿಯೇ ತೊಡಕು ಇದೆಯೆಂದು ನೋಡುವವನು ತಿಳಿಯಬಹುದಾಗಿದ್ದಿತು.

ಸೇವೆಗಳನ್ನು ಆರಂಭಿಸುವ ಕ್ರಮವು ಇನ್ನೂ ಹಳೆಯದು. 1983ರಲ್ಲಿ ಎ. ಟಿ. ಅಂಡ್ ಟಿ. ಸಂಸ್ಥೆಯು ಹೊರತಂದ ಸಿಸ್ಟಮ್ ಫೈವ್ ಯೂನಿಕ್ಸಿನಿಂದ ಬಂದ ‘ಇನಿಟ್’ ಪದ್ಧತಿಯನ್ನೇ ಬಹುತೇಕ ಲಿನಕ್ಸ್ ವಿತರಣೆಗಳು ಅನುಸರಿಸಿದುವು. ಇದರಲ್ಲಿ ಒಂದೊಂದು ಸೇವೆಗೂ ಒಂದು ಆಜ್ಞಾಪತ್ರವಿದ್ದು, ಅವು ಸಂಖ್ಯೆಯ ಕ್ರಮದಲ್ಲಿ ಒಂದರ ಹಿಂದೆ ಒಂದು ನಡೆಯುತ್ತಿದ್ದುವು. ಮುಂದಿನದಕ್ಕೆ ಹಿಂದಿನದರ ಅವಶ್ಯಕತೆ ಇರಲಿ ಇಲ್ಲದಿರಲಿ, ಅದು ಮುಗಿಯುವವರೆಗೂ ಕಾಯಲೇಬೇಕು. ಜಾಲಸಂಪರ್ಕವು ದೊರೆಯದೆ ಒಂದು ಸೇವೆಯು ನಿಂತರೆ, ಜಾಲದ ಗೊಡವೆಯೇ ಇಲ್ಲದ ಸೇವೆಗಳೂ ಅದರ ಹಿಂದೆ ನಿಲ್ಲುತ್ತಿದ್ದುವು. ವಿಳಂಬದ ಮೊದಲ ಮೂಲವು ಇಲ್ಲಿದೆ.

3. ತೆರೆಯ ಆಗಮನ

ಲಿನಕ್ಸ್ ಸಾಮಾನ್ಯ ಜನರ ಮೇಜಿಗೆ ಬರಬೇಕಾದರೆ ಅರ್ಥವಾಗದ ಬರಹಗಳ ಈ ಪ್ರವಾಹವನ್ನು ಮರೆಮಾಡಬೇಕೆಂಬ ಭಾವನೆ ಕ್ರಮೇಣ ಬಲಗೊಂಡಿತು. 2003ರ ನವೆಂಬರಿನಲ್ಲಿ ಬಂದ ಫೆಡೋರಾ ಕೋರ್ 1ರಲ್ಲಿ ‘ರೆಡ್ ಹ್ಯಾಟ್ ಗ್ರಾಫಿಕಲ್ ಬೂಟ್’ ಎಂಬ ಚಿತ್ರರೂಪದ ಆರಂಭವು ಕಾಣಿಸಿಕೊಂಡಿತು. ಆದರೆ ಆ ಚಿತ್ರವನ್ನು ತೋರಿಸುವುದಕ್ಕಾಗಿ ‘ಎಕ್ಸ್’ ಎಂಬ ಚಿತ್ರವ್ಯವಸ್ಥೆಯನ್ನು ಮೊದಲೇ ಒಮ್ಮೆ ಆರಂಭಿಸಿ, ಬಳಿಕ ಲಾಗಿನ್ನಿಗಾಗಿ ಮತ್ತೊಮ್ಮೆ ಆರಂಭಿಸಬೇಕಾಗಿದ್ದಿತು. ಕಾಯುವಿಕೆಯನ್ನು ಸಹ್ಯಗೊಳಿಸಲು ಬಂದ ಸಾಧನವೇ ಕಾಯುವಿಕೆಯನ್ನು ಕೊಂಚ ಹೆಚ್ಚಿಸಿದುದು ಇಲ್ಲಿನ ವೈಚಿತ್ರ್ಯ. ಉಬುಂಟು ವಿತರಣೆಯು 2005ರ ಅಕ್ಟೋಬರಿನ ಆವೃತ್ತಿಯಲ್ಲಿ ‘ಯೂಸ್ಪ್ಲಾಷ್’ ಎಂಬುದನ್ನು ತಂದಿತು.

2008ರ ನವೆಂಬರಿನಲ್ಲಿ ಫೆಡೋರಾ 10ರೊಡನೆ ಬಂದ ‘ಪ್ಲಿಮತ್’ ಇವೆಲ್ಲಕ್ಕಿಂತ ಭಿನ್ನವಾಗಿದ್ದಿತು. ರೆಡ್ ಹ್ಯಾಟಿನ ರೇ ಸ್ಟ್ರೋಡ್ ಮುಂತಾದವರು ರಚಿಸಿದ ಇದು ಎಕ್ಸ್ ವ್ಯವಸ್ಥೆಯನ್ನು ಆಶ್ರಯಿಸದೆ, ಕರ್ನೆಲ್ಲೇ ಚಿತ್ರಫಲಕವನ್ನು ಸಿದ್ಧಪಡಿಸುವ ಹೊಸ ಸೌಕರ್ಯವನ್ನು ಬಳಸಿಕೊಂಡಿತು. 2010ರ ಏಪ್ರಿಲಿನಲ್ಲಿ ಉಬುಂಟು ಸಹ ಇದನ್ನೇ ಅಂಗೀಕರಿಸಿತು. ಪ್ಲಿಮತ್ ಕೇವಲ ಅಲಂಕಾರವಲ್ಲವೆಂಬುದನ್ನು ಗಮನಿಸಬೇಕು. ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಇದ್ದರೆ, ಅದರ ರಹಸ್ಯಪದವನ್ನು ಕೇಳುವುದೂ ಈ ತೆರೆಯ ಮೂಲಕವೇ. ಆದುದರಿಂದ ವಿಳಂಬವಾಯಿತೆಂದು ಇದನ್ನು ಕಿತ್ತೊಗೆಯುವುದು ಎಲ್ಲೆಡೆಯೂ ಯುಕ್ತವಲ್ಲ.

ಪ್ಲಿಮತ್ತಿನ ಇನ್ನೊಂದು ಲಕ್ಷಣವು ಚರಿತ್ರಕಾರನಿಗೆ ಕುತೂಹಲಕರ. ಅದರ ಕೆಲವು ಚಿತ್ರವಿನ್ಯಾಸಗಳಲ್ಲಿ ಪ್ರಗತಿಯನ್ನು ಸೂಚಿಸುವ ಒಂದು ಪಟ್ಟಿ ಮುಂದೆ ಮುಂದೆ ತುಂಬುತ್ತ ಹೋಗುತ್ತದೆ. ಗಣಕಕ್ಕೆ ತನ್ನ ಕೆಲಸ ಎಷ್ಟು ಉಳಿದಿದೆಯೆಂಬುದು ಮೊದಲೇ ತಿಳಿದಿರುವುದಿಲ್ಲ. ಹಿಂದಿನ ಸಲ ಆರಂಭವಾಗಲು ಹಿಡಿದ ಕಾಲವನ್ನು ಪ್ಲಿಮತ್ ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ಅದರ ಆಧಾರದಿಂದ ಈ ಸಲದ ಪಟ್ಟಿಯನ್ನು ಅಳೆಯುತ್ತದೆ. ಎಂದರೆ ನಾವು ವರ್ತಮಾನದ ವರದಿಯೆಂದು ನೋಡುತ್ತಿರುವುದು ವಾಸ್ತವವಾಗಿ ಭೂತಕಾಲದ ದಾಖಲೆಯಿಂದ ಮಾಡಿದ ಊಹೆ. ಹೊಸ ತೊಡಕು ಹುಟ್ಟಿದ ದಿನ ಆ ಪಟ್ಟಿಯನ್ನು ನಂಬುವಂತಿಲ್ಲ.

4. ವಿಳಂಬದ ಶೋಧನೆ

ತೆರೆಯನ್ನು ಸುಂದರಗೊಳಿಸುವ ಯತ್ನದೊಡನೆಯೇ ತೆರೆಯ ಹಿಂದಣ ಸಂಗತಿಯನ್ನು ಅಳೆಯುವ ಯತ್ನವೂ ನಡೆಯಿತು. 2004ರಲ್ಲಿ ರೆಡ್ ಹ್ಯಾಟಿನ ಓವೆನ್ ಟೇಲರ್, ಆರಂಭದ ಕಾಲವು ಎಲ್ಲಿ ವ್ಯಯವಾಗುತ್ತದೆಂಬುದನ್ನು ಒಂದೇ ಚಿತ್ರಪಟದಲ್ಲಿ ತೋರಿಸಬಲ್ಲವರು ಯಾರು ಎಂದು ಸವಾಲೊಡ್ಡಿದರು. ಅದಕ್ಕೆ ಉತ್ತರವಾಗಿ ಜೀಗ ಮಾಹ್ಕೊವೆಚ್ ‘ಬೂಟ್‌ಚಾರ್ಟ್’ ಎಂಬ ಸಾಧನವನ್ನು ರಚಿಸಿದರು. ಸಂಸ್ಕಾರಕದ ದುಡಿಮೆ, ಡಿಸ್ಕಿನ ದುಡಿಮೆ, ಪ್ರತಿಯೊಂದು ಕಾರ್ಯದ ಆದಿ ಅಂತ್ಯಗಳು ಇದರಿಂದ ಒಂದೇ ಪಟದ ಮೇಲೆ ಗೋಚರವಾದುವು. ಬಹಳ ಹೊತ್ತು ದುಡಿದುದರಿಂದ ಆದ ವಿಳಂಬ ಯಾವುದು, ಏನನ್ನೋ ಸುಮ್ಮನೆ ಕಾದುದರಿಂದ ಆದ ವಿಳಂಬ ಯಾವುದು ಎಂಬ ವಿವೇಚನೆಯು ಇದರಿಂದ ಸಾಧ್ಯವಾಯಿತು.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್ ಸಂಸ್ಥೆಯ ಅರ್ಯಾನ್ ವಾನ್ ಡೆ ವೆನ್ ಮತ್ತು ಔಕೆ ಕಾಕ್ ಒಂದು ಚಿಕ್ಕ ಗಣಕವು ಐದು ಸೆಕೆಂಡುಗಳಲ್ಲಿ ಆರಂಭವಾಗುವುದನ್ನು ಪ್ರದರ್ಶಿಸಿದರು. ಕರ್ನೆಲ್ಲಿಗೆ ಒಂದು, ಮೊದಲ ಸೇವೆಗಳಿಗೆ ಒಂದು, ಚಿತ್ರವ್ಯವಸ್ಥೆಗೆ ಒಂದು, ಮೇಜಿನ ಪರಿಸರಕ್ಕೆ ಎರಡು ಎಂದು ಅವರು ಆಯವ್ಯಯ ಪತ್ರದಂತೆ ಕಾಲವನ್ನು ಹಂಚಿದ್ದರು. ಇದ್ದುದನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆಮಾಡುವುದಕ್ಕೂ, ಇಷ್ಟೇ ಕಾಲವೆಂದು ಮೊದಲೇ ವಿಧಿಸಿ ಅದಕ್ಕೆ ಹೊಂದದುದನ್ನು ಪ್ರಶ್ನಿಸುವುದಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಯಿತು. ಆರಂಭವು ಅಷ್ಟು ಬೇಗ ಮುಗಿಯುವುದಾದರೆ ಮರೆಮಾಡುವ ತೆರೆಯ ಅವಶ್ಯಕತೆಯೇ ಇಲ್ಲವೆಂಬುದು ಅವರ ನಿಲುವು.

ಸಂಖ್ಯಾಕ್ರಮದ ಹಳೆಯ ಇನಿಟ್ ಪದ್ಧತಿಯೂ ಈ ಕಾಲದಲ್ಲಿಯೇ ಕದಲಿತು. 2006ರಲ್ಲಿ ಉಬುಂಟುವಿನ ‘ಅಪ್‌ಸ್ಟಾರ್ಟ್’ ಬಂದಿತು. 2010ರ ಏಪ್ರಿಲಿನಲ್ಲಿ ಲೆನಾರ್ಟ್ ಪೊಯೆಟರಿಂಗ್ ‘ಸಿಸ್ಟಮ್‌ಡಿ’ಯನ್ನು ಪ್ರಕಟಿಸಿದರು. ಪರಸ್ಪರ ಅವಲಂಬನೆಯಿಲ್ಲದ ಸೇವೆಗಳನ್ನು ಏಕಕಾಲದಲ್ಲಿ ಆರಂಭಿಸುವುದು ಇದರ ತತ್ತ್ವ. 2011ರಲ್ಲಿ ಫೆಡೋರಾ, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಇದನ್ನು ತಮ್ಮ ರೂಢಿಯ ಪದ್ಧತಿಯಾಗಿ ಸ್ವೀಕರಿಸಿದುವು. ಡೆಬಿಯನ್ ವಲಯದಲ್ಲಿ ಈ ವಿಷಯವಾಗಿ ತೀವ್ರವಾದ ವಿವಾದವೆದ್ದು, ಒಪ್ಪದವರು ‘ಡೆವುವಾನ್’ ಎಂಬ ಪ್ರತ್ಯೇಕ ವಿತರಣೆಯನ್ನೇ ಸ್ಥಾಪಿಸಿದರು.

5. ಸುಧಾರಣೆಯಿಂದ ಹುಟ್ಟಿದ ತೊಡಕು

ಕಾರಣವು ಕಾರ್ಯದ ಸಮೀಪದಲ್ಲಿಯೇ ಇರಬೇಕೆಂಬ ನಿಯಮವಿಲ್ಲ ಎಂಬುದಕ್ಕೆ 2019ರ ಒಂದು ಪ್ರಸಂಗವು ಉತ್ತಮ ನಿದರ್ಶನ. ಕರ್ನೆಲ್ಲಿನ 5.3ನೆಯ ಆವೃತ್ತಿಯು ಸಿದ್ಧವಾಗುತ್ತಿದ್ದಾಗ ಒಂದು ಗಣಕವು ಲಾಗಿನ್ನಿನ ಹಂತಕ್ಕೆ ಬಾರದೆ ನಿಂತುಬಿಡುತ್ತದೆಂಬ ವರದಿ ಬಂದಿತು. ಶೋಧಿಸಿದಾಗ, ‘ಇಎಕ್ಸ್‌ಟಿ4’ ಎಂಬ ಕಡತವ್ಯವಸ್ಥೆಯಲ್ಲಿ ಡಿಸ್ಕಿನ ಓದನ್ನು ಕಡಿಮೆಮಾಡಲು ಮಾಡಿದ ಒಂದು ಸುಧಾರಣೆಯೇ ಇದಕ್ಕೆ ನಿಮಿತ್ತವೆಂದು ತಿಳಿದುಬಂದಿತು. ಡಿಸ್ಕಿನ ಕೆಲಸವು ಕಡಿಮೆಯಾದುದರಿಂದ ಕರ್ನೆಲ್ಲಿಗೆ ಬರುತ್ತಿದ್ದ ಅಡಚಣೆ ಸೂಚನೆಗಳು ಕಡಿಮೆಯಾದುವು. ಅವುಗಳ ಅನಿಯಮಿತ ಕಾಲಾಂತರಗಳಿಂದ ಕರ್ನೆಲ್ ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಬೀಜವನ್ನು ಸಂಗ್ರಹಿಸುತ್ತಿದ್ದಿತು. ಬೀಜವು ಸಾಲದೆ ಹೋದುದರಿಂದ, ಯಾದೃಚ್ಛಿಕ ಸಂಖ್ಯೆಯನ್ನು ಬೇಡಿದ ಲಾಗಿನ್ ಕಾರ್ಯವು ಕಾಯುತ್ತ ಕುಳಿತಿತು. ಅದು ಕಾಯುತ್ತಿದ್ದುದರಿಂದ ಡಿಸ್ಕಿಗೆ ಕೆಲಸವಿಲ್ಲ. ಡಿಸ್ಕಿಗೆ ಕೆಲಸವಿಲ್ಲದುದರಿಂದ ಬೀಜವಿಲ್ಲ. ಟೋರ್ವಾಲ್ಡ್ಸ್ ಆ ಸುಧಾರಣೆಯನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡು ಸೆಪ್ಟೆಂಬರಿನಲ್ಲಿ 5.3ನ್ನು ಹೊರತಂದರು. 5.4ರಲ್ಲಿ ಕರ್ನೆಲ್ಲೇ ಬೀಜವನ್ನು ಹುಟ್ಟಿಸಿಕೊಳ್ಳುವ ಉಪಾಯವನ್ನು ಸೇರಿಸಿದರು. ಸುಧಾರಣೆಯಲ್ಲಿ ದೋಷವಿರಲಿಲ್ಲ, ಹಿಂದಿನ ಅದಕ್ಷತೆಯ ಮೇಲೆ ಬೇರೊಂದು ವ್ಯವಸ್ಥೆಯು ಯಾರಿಗೂ ತಿಳಿಯದಂತೆ ಅವಲಂಬಿಸಿದ್ದಿತು.

6. ನಮ್ಮ ಯಂತ್ರದ ಪರೀಕ್ಷೆ

ಸಿಸ್ಟಮ್‌ಡಿಯೊಡನೆ ‘ಸಿಸ್ಟಮ್‌ಡಿ-ಅನಲೈಸ್’ ಎಂಬ ಆಜ್ಞೆಯೊಂದು ಬರುತ್ತದೆ. ಆರಂಭಕ್ಕೆ ಹಿಡಿದ ಒಟ್ಟು ಕಾಲವನ್ನು ಅದು ಘಟ್ಟಗಳಾಗಿ ವಿಂಗಡಿಸಿ ಹೇಳುತ್ತದೆ. ಅದರೊಡನೆ ‘ಬ್ಲೇಮ್’ ಎಂದು ಸೇರಿಸಿದರೆ ಹೆಚ್ಚು ಕಾಲ ಹಿಡಿದ ಸೇವೆಗಳ ಪಟ್ಟಿ ಬರುತ್ತದೆ. ನಮ್ಮ ಯಂತ್ರದ ಪಟ್ಟಿಯಲ್ಲಿ ಜಾಲಸಂಪರ್ಕಕ್ಕಾಗಿ ಕಾಯುವ ಸೇವೆಯು 8 ಸೆಕೆಂಡುಗಳೊಡನೆ ಮೊದಲನೆಯದಾಗಿದ್ದಿತು. ಅದೇ ಅಪರಾಧಿಯೆಂದು ನಿರ್ಣಯಿಸುವುದು ಸುಲಭವಾಗಿದ್ದಿತು. ಆದರೆ ಈ ಪಟ್ಟಿಯು ದಾರಿತಪ್ಪಿಸಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಒಂದು ಸೇವೆಗೆ ಹೆಚ್ಚು ಕಾಲ ಹಿಡಿದುದು ಅದು ಬೇರೊಂದನ್ನು ಕಾಯುತ್ತಿದ್ದುದರಿಂದಲೂ ಆಗಿರಬಹುದು. ಯಾವುದರ ನಂತರ ಯಾವುದು ಎಂಬ ಸರಪಳಿಯನ್ನು ತೋರಿಸುವ ‘ಕ್ರಿಟಿಕಲ್-ಚೈನ್’ ಎಂಬ ಆಜ್ಞೆಯಿಂದ ನೋಡಿದಾಗ, ಆ ಸೇವೆಯು ಲಾಗಿನ್ನಿನ ದಾರಿಯಲ್ಲಿಯೇ ಇರಲಿಲ್ಲ.

ಒಟ್ಟು ಕಾಲವನ್ನು ಪುನಃ ನೋಡಿದೆವು. 58 ಸೆಕೆಂಡುಗಳಲ್ಲಿ 36 ಸೆಕೆಂಡುಗಳು ಕರ್ನೆಲ್ ಎಂಬ ಘಟ್ಟದಲ್ಲಿಯೇ ಕಳೆದಿದ್ದುವು. ಇದು ಸೇವೆಗಳು ಆರಂಭವಾಗುವುದಕ್ಕೂ ಮೊದಲಿನ ಕಾಲವಾದುದರಿಂದ ಆಪಾದನೆಯ ಪಟ್ಟಿಯಲ್ಲಿ ಇದರ ಸುಳಿವೇ ಇರಲಿಲ್ಲ. ಡೆಬಿಯನ್ ವಂಶದ ವಿತರಣೆಗಳಲ್ಲಿ, ನಿಜವಾದ ಡಿಸ್ಕು ದೊರೆಯುವ ಮುನ್ನ ಕೆಲಸಮಾಡುವ ‘ಇನಿಟ್ರಾಮ್‌ಎಫ್‌ಎಸ್’ ಎಂಬ ತಾತ್ಕಾಲಿಕ ವ್ಯವಸ್ಥೆಯ ಕಾಲವೂ ಈ ಲೆಕ್ಕದಲ್ಲಿಯೇ ಅಡಗಿರುತ್ತದೆ. ಆಗ ಆರಂಭದ ಪಟ್ಟಿಯಲ್ಲಿ ಕರ್ನೆಲ್ಲಿಗೆ ಕೊಡುವ ಸೂಚನೆಗಳಿಂದ ‘ಕ್ವಯಟ್’, ‘ಸ್ಪ್ಲಾಷ್’ ಎಂಬ ಎರಡು ಮಾತುಗಳನ್ನು ಆ ಒಂದು ಸಲದ ಮಟ್ಟಿಗೆ ಅಳಿಸಿ ಯಂತ್ರವನ್ನು ನಡೆಯಿಸಿದೆವು. ತೆರೆ ಸರಿಯಿತು. ನಿದ್ರಾವಸ್ಥೆಯಿಂದ ಮರಳಲು ಬೇಕಾದ ಡಿಸ್ಕಿನ ಭಾಗವನ್ನು ಕಾದು ಕಾದು ಕೈಬಿಟ್ಟೆನೆಂದು ಯಂತ್ರವೇ ಒಂದು ಸಾಲಿನಲ್ಲಿ ಹೇಳಿತು.

ಸಂಗತಿ ಇಷ್ಟು. ಹಿಂದೊಮ್ಮೆ ಡಿಸ್ಕನ್ನು ಮರುವಿಂಗಡಿಸಿದಾಗ ‘ಸ್ವಾಪ್’ ಎಂಬ ಭಾಗವನ್ನು ಹೊಸದಾಗಿ ರಚಿಸಿದ್ದರು. ಹೊಸದಾಗಿ ರಚಿಸಿದೊಡನೆ ಅದಕ್ಕೆ ಹೊಸ ಗುರುತುಸಂಖ್ಯೆಯು ಬರುತ್ತದೆ. ಡಿಸ್ಕುಗಳ ಮುಖ್ಯ ಪಟ್ಟಿಯಲ್ಲಿ ಹೊಸ ಸಂಖ್ಯೆಯನ್ನು ಬರೆದರು. ಇನಿಟ್ರಾಮ್‌ಎಫ್‌ಎಸ್ಸಿನ ಕಡತದಲ್ಲಿದ್ದ ಹಳೆಯ ಸಂಖ್ಯೆಯನ್ನು ತಿದ್ದಲು ಮರೆತರು. ಇಲ್ಲದ ಆ ಭಾಗಕ್ಕಾಗಿ ಯಂತ್ರವು ಪ್ರತಿದಿನವೂ ಸುಮಾರು 30 ಸೆಕೆಂಡು ಕಾಯುತ್ತಿದ್ದಿತು. ಸಂಖ್ಯೆಯನ್ನು ಸರಿಪಡಿಸಿ ಇನಿಟ್ರಾಮ್‌ಎಫ್‌ಎಸ್ಸನ್ನು ಮರುರಚಿಸಿದ ಮೇಲೆ ಕರ್ನೆಲ್ ಘಟ್ಟವು 6 ಸೆಕೆಂಡುಗಳಿಗೆ ಇಳಿಯಿತು. ಉಳಿದ 22 ಸೆಕೆಂಡುಗಳಲ್ಲಿ ಹಳೆಯ ಡಿಸ್ಕಿನ ಮಂದಗತಿಯ ಪಾಲು ಇಲ್ಲದಿಲ್ಲ. ಮುಪ್ಪಿನ ವಾದವು ಪೂರ್ತಿ ಸುಳ್ಳಲ್ಲ. ಆದರೆ ವಿಳಂಬದ ಅರ್ಧಕ್ಕಿಂತ ಹೆಚ್ಚಿನ ಭಾಗಕ್ಕೆ ಅದು ಕಾರಣವಾಗಿರಲಿಲ್ಲ.

7. ಉಪಸಂಹಾರ

ಈ ಚಿಕ್ಕ ವಿಚಾರಣೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ತೆರೆಯು ವಿಳಂಬವನ್ನು ತೋರಿಸುತ್ತದೆಯೇ ಹೊರತು ಸಾಮಾನ್ಯವಾಗಿ ಅದನ್ನು ಉಂಟುಮಾಡುವುದಿಲ್ಲ. ಕಣ್ಣಿಗೆ ಬಿದ್ದುದೇ ಕಾರಣವೆಂದು ಹೇಳಬಾರದು. ಎರಡನೆಯದಾಗಿ, ಆಪಾದನೆಯ ಪಟ್ಟಿಯಲ್ಲಿ ಮೊದಲಿಗಿರುವವನು ಅಪರಾಧಿಯಾಗಿರಲೇಬೇಕೆಂದಿಲ್ಲ. ಪಟ್ಟಿಯು ಯಾವ ಕಾಲದಿಂದ ಆರಂಭವಾಗುತ್ತದೆ, ಯಾವುದನ್ನು ದಾಖಲಿಸುವುದೇ ಇಲ್ಲ ಎಂಬುದನ್ನು ಮೊದಲು ಕೇಳಬೇಕು. ಮೂರನೆಯದಾಗಿ, ಒಂದೇ ಸಂಗತಿಯ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ತಿದ್ದಿದರೆ, ತಿದ್ದದೆ ಉಳಿದ ಪ್ರತಿಯು ಬಹುಕಾಲದ ಮೇಲೂ ತನ್ನ ಪ್ರಭಾವವನ್ನು ಬೀರುತ್ತದೆ. ಹಸ್ತಪ್ರತಿಗಳ ಪಾಠಗಳನ್ನು ಹೋಲಿಸಿ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಯಂತ್ರವನ್ನು ತೆಗೆದುಹಾಕುವ ಸಲಹೆಯನ್ನು ವಿಭಾಗವು ಸದ್ಯಕ್ಕೆ ಕೈಬಿಟ್ಟಿದೆ. ಶಾಸನಗಳ ಚಿತ್ರಗಳು ಅದರಲ್ಲಿಯೇ ಇವೆ. ಅವುಗಳ ಮತ್ತೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇರಿಸುವ ಕೆಲಸವೂ ಈಗ ಆರಂಭವಾಗಿದೆ.